ಉಗಾಂಡಾಕ್ಕೆ ಮುಂಚೆ ಧಾರವಾಡ: ಎರಡು ದಿನದ ತರಬೇತಿಗೆ ಹೋಗುವವರಿಗೆ

ನಾನು ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವಳು. ಆಮೇಲೆ ಒಂದು ವರ್ಷ ಉಗಾಂಡಾದ ಹಳ್ಳಿಯೊಂದರಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿ ಬಂದೆ. ಹೀಗೆ ಹೊರಡುವ ಮುಂಚೆ ಧಾರವಾಡದಲ್ಲಿ ಎರಡು ದಿನ ತರಬೇತಿ ಇರುತ್ತದೆ. ಹೋಗಬೇಕು ಅನ್ನುವವರು ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ. "ಅಕ್ಕಾರ, ಆ ಶನಿವಾರ-ಭಾನುವಾರದ ಟ್ರೇನಿಂಗ್‌ನಾಗ ಫೇಲ್ ಮಾಡ್ತಾರೇನ್ರೀ?"

ಮಾಡುವುದಿಲ್ಲ. ಅದು ಪರೀಕ್ಷೆ ಅಲ್ಲ. ನಾನೂ ಪರೀಕ್ಷೆಯೇ ಅಂದುಕೊಂಡು ಸರ್ಟಿಫಿಕೇಟುಗಳ ದಪ್ಪ ಫೈಲು ಹಿಡಿದು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿದ್ದೆ. ಎರಡು ದಿನದಲ್ಲಿ ಒಬ್ಬರೂ ಅದನ್ನು ಬಿಚ್ಚಿಸಲಿಲ್ಲ. ನೀವು ಒಯ್ಯಬೇಕಾದ್ದು ಒಂದು ನೋಟ್‌ಬುಕ್ಕು, ಪಾಸ್‌ಪೋರ್ಟಿನ ಜೆರಾಕ್ಸು, ನಿಮಗೆ ಕೊಟ್ಟ ಕೆಲಸದ ವಿವರದ ಕಾಗದ. ಮಳೆಗಾಲ ಆದರೆ ಒಂದು ಸ್ವೆಟರ್. ಕಾಗದವನ್ನು ಮನೆಯಲ್ಲೇ ಮೂರು ಸಲ ಓದಿ, ಅರ್ಥವಾಗದ ಕಡೆ ಗೆರೆ ಎಳೆದುಕೊಂಡು ಹೋಗಿ.

ಮೊದಲ ದಿನ ಮಧ್ಯಾಹ್ನ ಆಟದಂಥ ಒಂದು ಅಭ್ಯಾಸ ಮಾಡಿಸಿದರು. ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು, ಅದು ಗೊತ್ತಿಲ್ಲದವರಿಗೆ ಬರೀ ಮಾತಿನಲ್ಲಿ ಕಲಿಸಬೇಕು. ಕೈ ಆಡಿಸುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ನಾನು ಜೋಳದ ರೊಟ್ಟಿ ಅಂದೆ. ಹತ್ತನೇ ವಯಸ್ಸಿನಿಂದ ಬಡಿಯುತ್ತಿದ್ದೇನೆ, ಇದರಲ್ಲೇನಿದೆ ಅಂತ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕರಾವಳಿ ಕಡೆಯ ಹುಡುಗನೊಬ್ಬ ಪರಾತ ಹಿಡಿದು ನಿಂತ. ನಾನು ಗೋಡೆಗೆ ಮುಖ ಮಾಡಿ ಶುರು ಮಾಡಿದೆ. ಹಿಟ್ಟು ತಗೊಳ್ಳಿ. ನೀರು ಹಾಕಿ. ಚೆನ್ನಾಗಿ ನಾದಿ. ಉಂಡೆ ಮಾಡಿ ಬಡಿಯಿರಿ.

ಬಡಿಯುವ ಸಪ್ಪಳ ಎರಡೇ ಸಲ ಕೇಳಿ ನಿಂತುಹೋಯಿತು. ತಿರುಗಿ ನೋಡಿದರೆ ರೊಟ್ಟಿ ಅಂಚಿನಿಂದ ನಡುವಿನ ತನಕ ಬಿರುಕು ಬಿಟ್ಟು ಚೂರುಚೂರು. ಅವನು ನಲ್ಲಿಯ ತಣ್ಣೀರು ಹಾಕಿದ್ದ! ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟು ಇಲ್ಲ, ಕುದಿಯುವ ಎಸರು ಹಾಕಿದರೇ ಅದು ಹಿಡಿಯುವುದು. "ನೀರು ಕಾಯಿಸಬೇಕು ಅಂತ ನೀವು ಹೇಳಲೇ ಇಲ್ಲ ಅಲ್ವಾ ಸಿಸ್ಟರ್?" ಅಂದ. ನಿಜ. ನನ್ನ ಕೈಗೆ ಅದು ಎಷ್ಟು ರೂಢಿಯೆಂದರೆ, ಅದೂ ಒಂದು ಹೇಳುವ ಮಾತು ಅಂತ ಹೊಳೆದಿರಲೇ ಇಲ್ಲ.

ಆದ್ದರಿಂದ ಇಂಥ ಅಭ್ಯಾಸಕ್ಕೆ ನಿಮಗೆ ಅತಿ ಚೆನ್ನಾಗಿ ಬರುವ ಕೆಲಸವನ್ನೇ ಆರಿಸಿಕೊಳ್ಳಿ. ಎಡವಿದರೆ ನಾಚಿಕೊಳ್ಳಬೇಡಿ. ಮುಂದೆ ಉಗಾಂಡಾದಲ್ಲಿ, ಹೆರಿಗೆ ನೋವು ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಪಾರ್ಟೋಗ್ರಾಫ್ ಚಾರ್ಟು ಖಾಲಿ ಬಿದ್ದಿದ್ದನ್ನು ನೋಡಿ ಬೈಯುವುದರಲ್ಲಿದ್ದೆ. ರೊಟ್ಟಿ ನೆನಪಾಯಿತು. ಬೈಯದೆ ಅಲ್ಲಿನ ನರ್ಸನ್ನು ಯಾಕೆ ಅಂತ ಕೇಳಿದೆ. ರಾತ್ರಿ ಪಾಳಿಗೆ ಅವಳೊಬ್ಬಳೇ, ನೋವು ತಿನ್ನುತ್ತಿದ್ದವರು ಮೂವರು. ಚಾರ್ಟು ತುಂಬಲು ಕೈ ಎಲ್ಲಿಂದ ತರಬೇಕು?

ಇನ್ನು ದುಡ್ಡಿನ ಮಾತು. ನಾನು ಸಂಕೋಚ ಪಟ್ಟು ಕೇಳಲಿಲ್ಲ. ಸೇವೆಗೆ ಹೋಗುವವರು ದುಡ್ಡು ಕೇಳುವುದೇ ಅಂತ. ಮೊದಲ ತಿಂಗಳ ಭತ್ಯೆ ಮೂರು ವಾರ ತಡವಾಗಿ ಬಂತು. ಅಲ್ಲಿನ ಜೊತೆಗಾರ್ತಿಯ ಹತ್ತಿರ ಸಾಲ ಮಾಡಿ ಪೋಶೋ ತಿಂದೆ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು, ನಮ್ಮ ಸಂಗಟಿಯ ದೂರದ ನೆಂಟ. ನೀವು ಎಲ್ಲರೆದುರೇ ಕೇಳಿಬಿಡಿ: ಭತ್ಯೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ? ಮಲಗುವುದು ಎಲ್ಲಿ? ವಿಮೆ ಯಾರದು? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾದರೆ ವಾಪಸ್ ಟಿಕೆಟ್ ಯಾರು ಕೊಡುತ್ತಾರೆ? ಈ ಕೆಲಸ ನನಗಿಂತ ಮುಂಚೆ ಯಾರು ಮಾಡುತ್ತಿದ್ದರು, ಯಾಕೆ ಬಿಟ್ಟರು? ಕೊನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಆರೋಗ್ಯದ ತರಗತಿಯಲ್ಲಿ ನಿದ್ದೆ ಮಾಡಬೇಡಿ (ಊಟದ ನಂತರವೇ ಇಟ್ಟಿರುತ್ತಾರೆ, ಏನು ಮಾಡೋದು). ಉಗಾಂಡಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಕೊಡುವ ಕಾರ್ಡು 2016ರಿಂದ ಜೀವನಪೂರ್ತಿ ನಡೆಯುತ್ತದೆ. ಜೋಪಾನ ಮಾಡಿ, ಅದಿಲ್ಲದೆ ಮರಳಿ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇರಿಸುತ್ತಾರೆ. ಮೊಟ್ಟೆ ಆಗದವರು, ಗರ್ಭಿಣಿಯರು ಮೊದಲೇ ಡಾಕ್ಟರಿಗೆ ಹೇಳಬೇಕು. ಈ ಲಸಿಕೆ ಮಲೇರಿಯಾ ತಡೆಯುವುದಿಲ್ಲ. ಅದಕ್ಕೆ ಮಾತ್ರೆ ಬೇರೆ, ಸೊಳ್ಳೆಪರದೆ ಬೇರೆ.

ಚಹಾದ ಹೊತ್ತಿಗೆ, ಹೋಗಿ ಬಂದವರು ಯಾರಿದ್ದಾರೆ ನೋಡಿ ಅವರ ಪಕ್ಕ ಕೂತುಬಿಡಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ದಪ್ಪ ಕಡ್ಡಿ, ನಮ್ಮ ಚಾರ್ಜರ್ ಹೋಗುವುದಿಲ್ಲ ಅಂತ ನನಗೆ ಹೇಳಿದ್ದು ಗಿರ್ಮಿಟ್ ತಿನ್ನುತ್ತಿದ್ದ ಮೇಷ್ಟ್ರೊಬ್ಬರು. ವಿಕ್ಟೋರಿಯಾ ಸರೋವರಕ್ಕೆ ಇಳಿಯಬೇಡಿ, ಬಸವನಹುಳುವಿನಿಂದ ಬರುವ ಸಣ್ಣ ಹುಳ ಚರ್ಮದೊಳಗೆ ಹೊಗುತ್ತದೆ ಅಂದವರೂ ಅವರೇ. ಲುಗಾಂಡಾ ಭಾಷೆಯಲ್ಲಿ ಬೆಳಿಗ್ಗೆ ಯಾರೇ ಸಿಕ್ಕರೂ ರಾತ್ರಿ ಹೇಗೆ ಕಳೆಯಿತು ಅಂತ ಮೊದಲು ಕೇಳಬೇಕಂತೆ. ನಾವು "ಊಟ ಆತೇನ್ರೀ" ಅನ್ನುವ ಹಾಗೆ. ನೇರ ಕೆಲಸದ ಮಾತಿಗೆ ಇಳಿದರೆ ಸೊಕ್ಕಿನವಳು ಅಂದುಕೊಳ್ಳುತ್ತಾರೆ.

ಎರಡನೇ ದಿನ ಮಧ್ಯಾಹ್ನ ಹಾವೇರಿ ಕಡೆಯ ಹುಡುಗನೊಬ್ಬ ಎದ್ದು ನಿಂತು, "ನಾ ಹೋಗಂಗಿಲ್ಲರೀ, ಅಪ್ಪಗ ಹೊಲ ನೋಡಾಕ ಆಗವಲ್ದು" ಅಂದ. ತರಬೇತಿ ಕೊಡುವವರು ಬೇಸರ ಮಾಡಿಕೊಳ್ಳಲಿಲ್ಲ. ಇಲ್ಲೇ ಹೇಳಿದ್ದು ಒಳ್ಳೆಯದಾಯಿತು ಅಂತ ಊಟಕ್ಕೆ ಕರೆದುಕೊಂಡು ಹೋದರು. ನಿಮಗೂ ಹಾಗನಿಸಿದರೆ ಅಲ್ಲೇ ಹೇಳಿ.

ಹೋಗುವುದೇ ಖಾತ್ರಿ ಆದರೆ, ಮನೆಗೆ ಬಂದ ರಾತ್ರಿಯೇ ಫೋನಿನ ಹೊತ್ತು ಗೊತ್ತು ಮಾಡಿಕೊಳ್ಳಿ. ಉಗಾಂಡಾ ನಮಗಿಂತ ಎರಡೂವರೆ ಗಂಟೆ ಹಿಂದೆ. ನಾನು ಅವ್ವನ ಜೊತೆ ಕೂತು ಭಾನುವಾರ ಅಲ್ಲಿಯ ಸಂಜೆ ಆರು ಅಂತ ಬರೆದುಕೊಂಡೆ. ಇಲ್ಲಿ ಎಂಟೂವರೆ. ಅವ್ವನ ಊಟ ಮುಗಿದಿರುತ್ತಿತ್ತು.