ಬ್ಯಾಟರಿ ಬದಲಿಸುವ ಮೊದಲು ಮೂರು ಸಲ ಅಳೆಯಿರಿ

ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ‘ಟಕ್’. ಇನ್ನೊಮ್ಮೆ ತಿರುಗಿಸಿದರೆ ‘ಟಕ ಟಕ ಟಕ’. ನನ್ನ ಹಳೇ ಕಾರು ಹೀಗೆ ಕೈಕೊಟ್ಟಾಗ ಹತ್ತಿರದ ಅಂಗಡಿಯವರು ಬಂದು ಬಾನೆಟ್ ಎತ್ತುವ ಮೊದಲೇ ‘ಬ್ಯಾಟರಿ ಹೋಗಿದೆ ಸಾರ್’ ಎಂದರು. ನಾನೂ ಹೂಂ ಎಂದು ಹೊಸದು ಹಾಕಿಸಿಕೊಂಡೆ. ಒಂದು ವಾರ ಆರಾಮಾಗಿತ್ತು. ಶನಿವಾರ, ಭಾನುವಾರ ಗಾಡಿ ತೆಗೆಯಲಿಲ್ಲ. ಸೋಮವಾರ ಮತ್ತೆ ಅದೇ ಟಕ ಟಕ.

ಆಮೇಲೆ ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕೈದು ನೂರು ರೂಪಾಯಿಗೆ ಸಿಗುವಂಥದ್ದು ಈ ಕೆಲಸಕ್ಕೆ ಸಾಕು. ಅದರ ಗುಂಡಿಯನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಇಟ್ಟರೆ ಆಯ್ತು.

ಮೊದಲು ಕಣ್ಣು, ಕೈ

ಮೀಟರ್‌ಗೂ ಮುಂಚೆ ಬ್ಯಾಟರಿಯ ಟರ್ಮಿನಲ್, ಅಂದರೆ ಕೇಬಲ್ ಕೂರುವ ಕಂಬ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ? ಕ್ಲ್ಯಾಂಪನ್ನು ಕೈಯಲ್ಲಿ ತಿರುಚಿದರೆ ಅಲ್ಲಾಡುತ್ತದಾ? ಅಲ್ಲಾಡಬಾರದು. ಪುಡಿಯಿದ್ದರೆ ಗ್ಲೌಸ್ ಹಾಕಿಕೊಂಡು ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಬುಸ್ ಎಂದು ನೊರೆ ಬಂದು ಎಲ್ಲ ಬಿಟ್ಟುಕೊಳ್ಳುತ್ತದೆ. ಆ ನೀರು ಸೆಲ್‌ಗಳ ಮುಚ್ಚಳದೊಳಗೆ ಮಾತ್ರ ಇಳಿಯಬಾರದು. ಒರೆಸಿ ವಾಪಸ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಎಷ್ಟೋ ಕಾರುಗಳ ರೋಗ ಇಲ್ಲಿಗೇ ವಾಸಿಯಾಗುತ್ತದೆ, ಖರ್ಚು ಸೊನ್ನೆ.

ಗಾಡಿ ಮಲಗಿರುವಾಗ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಿರಿ. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಮೀಟರ್ ಸುಳ್ಳು ಹೇಳುತ್ತದೆ, ಬ್ಯಾಟರಿಯ ಮೇಲ್ಮೇಲಿನ ಚಾರ್ಜ್ ಇನ್ನೂ ಇಳಿದಿರುವುದಿಲ್ಲ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜರ್ ಹಾಕಿ ತುಂಬಿಸಿ, ಆಮೇಲೆ ಮಿಕ್ಕ ಪರೀಕ್ಷೆ. ಬ್ಯಾಟರಿ ಖಾಲಿಯಾಗುವುದೇ ಬೇರೆ, ಹಾಳಾಗುವುದೇ ಬೇರೆ. ಅಂಗಡಿಯಲ್ಲಿ ಈ ಎರಡನ್ನೂ ‘ಹೋಗಿದೆ’ ಅಂತಲೇ ಅನ್ನುತ್ತಾರೆ.

ಕೆಲವು ಬ್ಯಾಟರಿಗಳ ಮೇಲೆ ಹಸಿರು ಕಣ್ಣೊಂದು ಇರುತ್ತದಲ್ವಾ? ಒಳಗಿರುವುದು ಆರು ಸೆಲ್, ಆ ಕಣ್ಣು ನೋಡುವುದು ಒಂದನ್ನು ಮಾತ್ರ. ಅದನ್ನೇ ನಂಬಿ ಕೂರಬೇಡಿ.

ಕೀ ತಿರುಗಿಸುವಾಗ

ಇದಕ್ಕೆ ಇನ್ನೊಬ್ಬರು ಬೇಕು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ. ಅವರು ಕೀ ತಿರುಗಿಸಲಿ, ನೀವು ಮೀಟರ್ ಮೇಲೆ ಕಣ್ಣಿಡಿ. ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್ ಒಂದೇ ಸಲಕ್ಕೆ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುವುದರಿಂದ ವೋಲ್ಟೇಜ್ ಧಡಕ್ಕನೆ ಬೀಳುತ್ತದೆ, ಬೀಳಲೇಬೇಕು, ಆದರೆ 9.6ಕ್ಕಿಂತ ಕೆಳಗೆ ಹೋಗಬಾರದು. ಪೂರ್ತಿ ತುಂಬಿದ ಬ್ಯಾಟರಿಯೂ 8ಕ್ಕೆ ಕುಸಿದರೆ ಅದರ ಆಯಸ್ಸು ಮುಗಿದಿದೆ ಎಂದೇ ಲೆಕ್ಕ. ನಮ್ಮಲ್ಲಿ ಮೂರು-ನಾಲ್ಕು ವರ್ಷ ಬಂದರೆ ಸಾಮಾನ್ಯ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಅದೂ ಕಷ್ಟ, ಚಳಿಗಿಂತ ಬಿಸಿಲೇ ಬ್ಯಾಟರಿಗೆ ದೊಡ್ಡ ಶತ್ರು.

ಇನ್ನೊಂದು ಸಂದರ್ಭವಿದೆ. ಕೀ ತಿರುಗಿಸಿದಾಗ ‘ಟಕ್’ ಎನ್ನುತ್ತದೆ, ಇಂಜಿನ್ ತಿರುಗುವುದಿಲ್ಲ, ಆದರೆ ಮೀಟರ್ 12.5ರಿಂದ ಕದಲುವುದೇ ಇಲ್ಲ. ಹಾಗಾದರೆ ಬ್ಯಾಟರಿ ನಿರಪರಾಧಿ. ಅದರಿಂದ ಹೊರಟ ಕರೆಂಟ್ ಸ್ಟಾರ್ಟರ್‌ಗೆ ತಲುಪುತ್ತಲೇ ಇಲ್ಲ, ಇಲ್ಲವೇ ಸ್ಟಾರ್ಟರೇ ಕೆಟ್ಟಿದೆ. ಆಗ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಇಂಜಿನ್‌ನ ಬರಿ ಲೋಹದ ಮೇಲೆ ಇಟ್ಟು ಮತ್ತೆ ಕೀ ತಿರುಗಿಸಲು ಹೇಳಿ. ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಮೈನಸ್‌ಗೂ ಇಂಜಿನ್‌ಗೂ ನಡುವಿನ ಅರ್ಥಿಂಗ್ ಕೇಬಲ್ಲೋ ಅದರ ತುಕ್ಕು ಹಿಡಿದ ಬೋಲ್ಟೋ ಕಳ್ಳ.

ಇಂಜಿನ್ ಓಡುವಾಗ

ಮೀಟರ್ 13.8ರಿಂದ 14.5 ವೋಲ್ಟ್ ನಡುವೆ ತೋರಿಸಬೇಕು. ಹೆಡ್‌ಲೈಟ್, ಎಸಿ ಬ್ಲೋವರ್ ಎಲ್ಲ ಹಾಕಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗಲೂ 13.5ರ ಆಸುಪಾಸು ನಿಲ್ಲಬೇಕು. 12.3, 12.2 ಎಂದು ಇಳಿಯುತ್ತಾ ಹೋದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಬೆಲ್ಟ್ ಸಡಿಲವಾಗಿದೆಯಾ, ಆಲ್ಟರ್ನೇಟರ್ ಹಿಂದಿನ ವೈರ್ ಕಳಚಿದೆಯಾ ನೋಡಿ, ಅವು ಸರಿಯಿದ್ದರೆ ಎಲೆಕ್ಟ್ರಿಷಿಯನ್ ಬಳಿ ಅದರ ಕಾರ್ಬನ್ ಬ್ರಷ್, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ತೋರಿಸಿ. 15 ದಾಟಿದರೂ ರೆಗ್ಯುಲೇಟರ್‌ನದೇ ತಪ್ಪು, ಬ್ಯಾಟರಿ ಒಳಗೆ ಕುದಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಈಚಿನ ಎಷ್ಟೋ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ ಒಮ್ಮೊಮ್ಮೆ 13ಕ್ಕಿಂತ ಕೆಳಗೆ ತೋರಿಸುತ್ತದೆ. ಲೈಟ್ ಹಾಕಿದ ಮೇಲೆ ಏರಿದರೆ ಗಾಬರಿ ಬೇಡ.

ಡ್ಯಾಶ್‌ಬೋರ್ಡ್‌ನ ಕೆಂಪು ಬ್ಯಾಟರಿ ದೀಪ ಹೇಳುವುದೂ ಇದನ್ನೇ: ಚಾರ್ಜ್ ಆಗುತ್ತಿಲ್ಲ. ದಾರಿಯಲ್ಲಿ ಹತ್ತಿಕೊಂಡರೆ ಎಸಿ ಆರಿಸಿ, ಇಂಜಿನ್ ನಿಲ್ಲಿಸದೆ ಹತ್ತಿರದ ಗ್ಯಾರೇಜ್ ಹಿಡಿಯಿರಿ. ಟೆಂಪರೇಚರ್ ಮುಳ್ಳು ಮೇಲೇರಿದರೆ ಅಥವಾ ಸ್ಟೀರಿಂಗ್ ಬಿಗಿಯಾದರೆ ಮಾತ್ರ ಅಲ್ಲೇ ನಿಲ್ಲಿಸಿ, ಬೆಲ್ಟೇ ತುಂಡಾಗಿರಬಹುದು. ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು ‘ಆಫ್ ಆಗದಿದ್ರೆ ಆಲ್ಟರ್ನೇಟರ್ ಚೆನ್ನಾಗಿದೆ’ ಎನ್ನುವ ಹಳೇ ಮೆಕ್ಯಾನಿಕ್ ಇನ್ನೂ ಸಿಗುತ್ತಾರೆ. ಹಾಗೆ ಮಾಡಲು ಬಿಡಬೇಡಿ. ಆ ಕ್ಷಣ ನುಗ್ಗುವ ವೋಲ್ಟೇಜ್‌ಗೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟರೆ ಅದರ ಬೆಲೆ ಹತ್ತು ಬ್ಯಾಟರಿಗಿಂತ ಜಾಸ್ತಿಯೂ ಆದೀತು.

ಮೂರೂ ಸರಿಯಿದ್ದರೆ?

ನನ್ನದು ಹೀಗೇ ಆಯ್ತು. ಚಾರ್ಜ್ ಹಾಕಿ ಅಳೆದರೆ 12.6, 10.4, 14.2. ಎಲ್ಲ ಪಾಸು. ಅಂದರೆ ನಿಂತಲ್ಲೇ ಏನೋ ಹೀರುತ್ತಿದೆ.

ಮೀಟರ್‌ನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಗುಂಡಿಯನ್ನೂ ಅಲ್ಲಿಗೆ ತಿರುಗಿಸಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಕಂಬಕ್ಕೂ ನಡುವೆ ಮೀಟರ್ ಸೇರಿಸಿದೆ. ಬಾಗಿಲುಗಳನ್ನೆಲ್ಲ ಹಾಕಿ, ಕಾರಿನ ಕಂಪ್ಯೂಟರ್‌ಗಳು ಮಲಗಲಿ ಎಂದು ಅರ್ಧ ಗಂಟೆ ಕಾದೆ. (ಈ ಹೊತ್ತಿನಲ್ಲಿ ಕೀ ತಿರುಗಿಸಿದರೆ ಮೀಟರ್‌ನ ಫ್ಯೂಸ್ ಹಾರುತ್ತದೆ, ಇಲ್ಲವೇ ಮೀಟರೇ ಸುಟ್ಟೀತು. ಮುಗಿದ ಮೇಲೆ ಕಡ್ಡಿಯನ್ನು ಹಳೇ ತೂತಿಗೆ ವಾಪಸ್ ಹಾಕುವುದೂ ನೆನಪಿರಲಿ.) 0.05 ಆಂಪಿಯರ್‌ವರೆಗೆ ಪರವಾಗಿಲ್ಲ. ನನ್ನದು 0.44 ತೋರಿಸುತ್ತಿತ್ತು. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದೆ. ಒಳಗಿನ ದೀಪಗಳ ಫ್ಯೂಸ್ ಕಿತ್ತ ಕೂಡಲೇ 0.03ಕ್ಕೆ ಇಳಿಯಿತು.

ಒಳಗೆ ಎಲ್ಲ ದೀಪವೂ ಆರಿತ್ತು. ಫ್ಯೂಸ್ ಮತ್ತೆ ಹಾಕಿ, ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಅದನ್ನು ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿದೆ. ತೆಗೆದು ನೋಡಿದರೆ ಸ್ಟೆಪ್ನಿ, ಜ್ಯಾಕ್, ಹಳೇ ಛತ್ರಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿವೆ! ಡಿಕ್ಕಿಯ 5 ವ್ಯಾಟ್ ದೀಪ ಆರುತ್ತಲೇ ಇರಲಿಲ್ಲ. ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ಚಾರ್ಜ್ ಸೋರುತ್ತಿತ್ತು, ನನ್ನ ಬ್ಯಾಟರಿ ಹಿಡಿಯುವುದೇ 35. ದಿನಾ ಓಡಿಸುವಾಗ ಹೇಗೋ ತುಂಬಿಕೊಳ್ಳುತ್ತಿತ್ತು, ಎರಡು ದಿನ ನಿಲ್ಲಿಸಿದರೆ ಮುಗೀತು.

ದೀಪದ ಸ್ವಿಚ್ ಬದಲಿಸಲು ನೂರೈವತ್ತು ರೂಪಾಯಿ ಆಯ್ತು. ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಪಾಪ, ಅದಕ್ಕೆ ಏನೂ ಆಗಿರಲಿಲ್ಲವೋ ಏನೋ.