ಬೈಕಿಗೆ ಹೊಸ ಏರ್ ಫಿಲ್ಟರ್: ಅಳತೆ ಮೊದಲು, ಬ್ರ್ಯಾಂಡ್ ಆಮೇಲೆ

ದುಬಾರಿ ಏರ್ ಫಿಲ್ಟರ್ ಹಾಕಿಸಿದ ಮೇಲೆ ಬೈಕ್ ಮೊದಲಿಗಿಂತ ಮಂಕಾಯಿತು ಎಂದು ದೂರುವವರನ್ನು ತುಂಬ ನೋಡಿದ್ದೇನೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಸಿಗುವುದು ಎರಡೇ ಕಾರಣ. ಒಂದೋ ಅಳತೆ ನೋಡದೆ ಕೊಂಡಿರುತ್ತಾರೆ, ಇಲ್ಲವೇ ಅಂಚು ಸರಿಯಾಗಿ ಕೂರುವ ಮೊದಲೇ ಬಿಗಿದಿರುತ್ತಾರೆ.

ಮೊದಲು, ಯಾಕೆ ಬದಲಿಸುತ್ತಿದ್ದೀರಿ ಎಂಬುದು ಗೊತ್ತಿರಲಿ. ಬೇರೇನನ್ನೂ ಬದಲಿಸದ ಬೈಕಿನಲ್ಲಿ ಬರೀ ಫಿಲ್ಟರಿನಿಂದ ಸಿಗುವ ಶಕ್ತಿ ಕೈಗೆ ಗೊತ್ತಾಗುವಷ್ಟು ಇರುವುದಿಲ್ಲ. ತೊಳೆದು ಮತ್ತೆ ಬಳಸಬೇಕು, ದೂಳಿನ ದಾರಿಯಲ್ಲಿ ಹೆಚ್ಚು ಓಡಾಟವಿದೆ, ಸೈಲೆನ್ಸರ್ ಬದಲಿಸಿದ್ದಾಗಿದೆ ಎಂದರೆ ಕೊಳ್ಳಲು ಕಾರಣವಿದೆ. ಬರೀ ಸದ್ದಿಗಾಗಿಯಾದರೆ ಬೇಡ.

ಎರಡನೆಯದು ವಸ್ತು. ಕಾಗದದ ಫಿಲ್ಟರ್ ದೂಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಳಸಿ ಎಸೆಯಬೇಕು. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ತೊಳೆಯಬಹುದು. ಎಣ್ಣೆ ಹಚ್ಚಿದ ಫೋಮ್ ಕೆಸರು, ದೂಳಿನ ದಾರಿಯ ಬೈಕುಗಳಿಗೆ ಹೇಳಿ ಮಾಡಿಸಿದ್ದು. ದಿನನಿತ್ಯದ ಓಡಾಟಕ್ಕೆ ಹತ್ತಿಯದು, ಮಣ್ಣಿನ ದಾರಿಗೆ ಎರಡು ಪದರದ ಫೋಮ್. ನನ್ನ ಆಯ್ಕೆ ಇಷ್ಟೇ. ಡಬ್ಬಿಯ ಮೇಲೆ ‘ಇಷ್ಟು ಪವರ್ ಹೆಚ್ಚು’ ಎಂದು ಬರೆದಿದ್ದರೆ ಮರುಳಾಗಬೇಡಿ. ಏರ್ ಫಿಲ್ಟರುಗಳಿಗೆಂದೇ ಇರುವ ಅಂತರರಾಷ್ಟ್ರೀಯ ಐಎಸ್‌ಒ 5011 ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದಾರೆಯೇ ನೋಡಿ. ದೂಳನ್ನು ಎಷ್ಟು ತಡೆಯಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು ಎಂಬ ಎರಡೂ ಲೆಕ್ಕ ಅದರಲ್ಲಿರುತ್ತದೆ.

ಫಿಲ್ಟರ್ ಕೂರುವ ಪೆಟ್ಟಿಗೆಯನ್ನು, ಅಂದರೆ ಏರ್‌ಬಾಕ್ಸನ್ನು ಕಿತ್ತುಹಾಕಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಿಗೇ ಶಂಕುವಿನಾಕಾರದ ಕೋನ್ ಫಿಲ್ಟರ್ ಸಿಕ್ಕಿಸುವ ಚಟ ಹಲವರಿಗಿದೆ. ಆ ಪೆಟ್ಟಿಗೆ ಅಲ್ಲಿ ಸುಮ್ಮನೆ ಕೂತಿಲ್ಲ. ಅದು ಎಂಜಿನ್‌ಗೆ ಅಲ್ಲಾಡದ, ತಂಪಾದ ಗಾಳಿಯನ್ನು ಕೂಡಿಟ್ಟುಕೊಡುತ್ತದೆ, ಮಳೆನೀರನ್ನು ತಡೆಯುತ್ತದೆ. ಅದರ ಗಾತ್ರ, ಕೊಳವೆಯ ಉದ್ದ ಎಲ್ಲವನ್ನೂ ಮಧ್ಯಮ ವೇಗದ ಎಳೆತಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ರೇಸಿಗಲ್ಲದ ಬೈಕಿನಲ್ಲಿ ಅದನ್ನು ಇಟ್ಟುಕೊಂಡು, ಒಳಗೆ ಕೂರುವ ಫಿಲ್ಟರನ್ನೇ ಕೊಳ್ಳಿ.

ಎಡವುವುದೆಲ್ಲ ಕೂರಿಸುವ ಹಂತದಲ್ಲಿ. ಹಳೆಯ ಫಿಲ್ಟರ್ ತೆಗೆದು ಹೊಸದರ ಪಕ್ಕದಲ್ಲಿಟ್ಟು ಉದ್ದ, ಅಗಲ ನೋಡಿ. ಅಂಚಿನ ರಬ್ಬರಿನ ದಪ್ಪವನ್ನಂತೂ ಬಿಡಲೇಬೇಡಿ. ಅಂಚು ಒಂದು ಮಿಲಿಮೀಟರ್ ತೆಳುವಾಗಿದ್ದರೂ ಮುಚ್ಚಳ ಅದನ್ನು ಒತ್ತಿ ಹಿಡಿಯುವುದಿಲ್ಲ, ದೂಳಿನ ಗಾಳಿ ಫಿಲ್ಟರಿನೊಳಗೆ ಹಾಯದೆ ಅದರ ಪಕ್ಕದಿಂದಲೇ ಒಳಹೋಗುತ್ತದೆ. ದೂಳಿನಲ್ಲಿರುವ ಮರಳಿನ ಕಣ ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಉಜ್ಜಿ ತಿನ್ನುತ್ತದೆ. ಏರ್‌ಬಾಕ್ಸಿನಲ್ಲಿ ಫಿಲ್ಟರ್ ಕೂರುವ ಜಾಗವನ್ನು ಒದ್ದೆಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಫಿಲ್ಟರಿನ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ತಕ್ಷಣ ಹೊರತೆಗೆದು ನೋಡಿ: ಗ್ರೀಸಿನ ಗುರುತು ಸುತ್ತಲೂ ಎಲ್ಲೂ ಕಡಿಯದೆ ಮೂಡಿರಬೇಕು. ಕಡಿದಿದ್ದರೆ ಫಿಲ್ಟರನ್ನು ಅಂಗಡಿಗೆ ವಾಪಸ್ ಕೊಡಿ. ಗಮ್, ಸಿಲಿಕೋನ್ ಮೆತ್ತಿ ಸಂದು ಮುಚ್ಚುವ ಅಡ್ಡದಾರಿ ಬೇಡ. ಮುಂದಿನ ಸರ್ವೀಸಿನಲ್ಲಿ ಅದು ಚೂರುಚೂರಾಗಿ ಕಿತ್ತು ಎಂಜಿನ್ ಕಡೆಗೇ ಹೋಗುತ್ತದೆ.

ಕೋನ್ ಫಿಲ್ಟರೇ ಬೇಕೆಂದು ಹಟವಿದ್ದರೆ ಕಾರ್ಬೊರೇಟರ್ ಬಾಯಿಯ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ, ಕಣ್ಣಳತೆ ಸಾಲದು. ಆ ಬಾಯಿಯ ಒಳಗೆ ಸಣ್ಣ ಗಾಳಿಯ ತೂತುಗಳಿರುತ್ತವೆ. ಫಿಲ್ಟರಿನ ರಬ್ಬರ್ ತುಟಿ ಒಳಗೆ ಚಾಚಿ ಅವನ್ನು ಮುಚ್ಚಿದರೆ ಯಾವ ಜೆಟ್ (ಪೆಟ್ರೋಲ್ ಹರಿಯುವ ಅಳತೆಯ ತೂತಿರುವ ಪುಟ್ಟ ಬಿಡಿಭಾಗ) ಹಾಕಿದರೂ ಬೈಕ್ ಸರಿಹೋಗುವುದಿಲ್ಲ. ಮೆಕ್ಯಾನಿಕ್‌ಗಳೂ ಇದನ್ನು ಗಮನಿಸದೆ ಇಡೀ ದಿನ ಟ್ಯೂನ್ ಮಾಡುತ್ತ ಕೂರುತ್ತಾರೆ. ಏರ್‌ಬಾಕ್ಸಿಗೆ ಬರುತ್ತಿದ್ದ ಎಂಜಿನ್ನಿನ ಉಸಿರುಕೊಳವೆಯನ್ನು ತೆರೆದು ಬಿಡಬೇಡಿ, ಅದಕ್ಕೂ ಒಂದು ಪುಟ್ಟ ಫಿಲ್ಟರ್ ಬೇಕು. ಅಗ್ಗದ ಕೋನ್ ಫಿಲ್ಟರುಗಳ ತಲೆಯ ಲೋಹದ ಬಿಲ್ಲೆಯನ್ನು ಬರೀ ಅಂಟಿನಿಂದ ಹಿಡಿಸಿರುತ್ತಾರೆ. ತಿರುಗಿಸಿ ನೋಡಿ, ಅಲುಗಾಡಿದರೆ ಮುಟ್ಟಬೇಡಿ.

ಆಮೇಲೆ ಪೆಟ್ರೋಲಿನ ಹೊಂದಾಣಿಕೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನುತ್ತದೆ. ಕಾರ್ಬೊರೇಟರ್ ಬೈಕಿನಲ್ಲಿ ಮುಖ್ಯ ಜೆಟ್ಟನ್ನು (ಮೇನ್ ಜೆಟ್) ಒಂದೊಂದೇ ಅಳತೆ ಏರಿಸಿ, ಪ್ರತಿ ಸಲವೂ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಹೆಚ್ಚು, ತಿಳಿ ಕಂದಾಗಿದ್ದರೆ ಸರಿ. ಇಂಜೆಕ್ಷನ್ ಬೈಕಿನಲ್ಲಿ ಏರ್‌ಬಾಕ್ಸ್ ಹಾಗೆಯೇ ಇದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಕಿತ್ತಿದ್ದರೆ ಮಾತ್ರ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿ (ಇಸಿಯು) ಪೆಟ್ರೋಲ್ ಎಷ್ಟು ಬಿಡಬೇಕೆಂದು ಬರೆದಿಟ್ಟ ಪಟ್ಟಿಯನ್ನು (ಮ್ಯಾಪ್) ತಿದ್ದಿಸಲೇಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಮಾತು ನಂಬಬೇಡಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಹೆಚ್ಚಿನ ಬೈಕುಗಳು ಅದರ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಫಿಲ್ಟರ್ ತೆಗೆದು, ಅದರಿಂದಾಚೆ ಎಂಜಿನ್ ಕಡೆಯ ಕೊಳವೆಯ ಒಳಗೆ ಬಿಳಿಬಟ್ಟೆ ಆಡಿಸಿ. ಬಟ್ಟೆಗೆ ದೂಳು ಹತ್ತಿದರೆ ಅಂಚು ಸೋರುತ್ತಿದೆ ಎಂದರ್ಥ. ಹತ್ತಿಯ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಅದಕ್ಕೆಂದೇ ಬರುವ ಕ್ಲೀನರ್ ಹಾಕಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದು ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಫಿಲ್ಟರ್ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಿಳಿಯಾಗಿ ಉಳಿದ ಜಾಗಕ್ಕೆ ಮಾತ್ರ ಮತ್ತೊಮ್ಮೆ ಹಚ್ಚಿ.