ಆನ್‌ಲೈನ್ ಕೋರ್ಸ್ ನಡೆಸುವುದು ಹೇಗೆ? ಮೂರನೆಯ ವಾರವನ್ನು ದಾಟಿಸುವ ಬಗೆ

ಪೂರ್ತಿಯಾಗಿ ಆನ್‌ಲೈನ್‌ನಲ್ಲೇ ನಡೆಯುವ ವಿಶ್ವವಿದ್ಯಾಲಯದ ಕೋರ್ಸುಗಳು ಮೊದಲ ದಿನ ಕೆಡುವುದಿಲ್ಲ, ಮೂರನೆಯ ವಾರದಲ್ಲಿ ಕೆಡುತ್ತವೆ. ಮೊದಲ ದಿನ ಅರವತ್ತು ವಿದ್ಯಾರ್ಥಿಗಳು ‘ನಮಸ್ಕಾರ ಸರ್’ ಎಂದು ಬರೆದಿರುತ್ತಾರೆ. ಮೂರನೆಯ ವಾರದ ಹೊತ್ತಿಗೆ ಹತ್ತು ಮಂದಿ ಮಾತ್ರ ಕಾಣಿಸಿಕೊಳ್ಳುತ್ತಿರುತ್ತಾರೆ, ಬೋಧಕರು ‘ಇವರಿಗೆ ಆಸಕ್ತಿಯಿಲ್ಲ’ ಎಂಬ ತೀರ್ಮಾನಕ್ಕೆ ಬಂದಾಗಿರುತ್ತದೆ. ವಿಜಯಪುರದಲ್ಲಿ ಕುಳಿತು ಕೆಲವು ವರ್ಷಗಳಿಂದ ಅರ್ಥಶಾಸ್ತ್ರದ ಇಂಥ ಕೋರ್ಸುಗಳನ್ನು ನಡೆಸುತ್ತಿರುವ ನಾನು, ಕ್ಯಾಮೆರಾ, ದೀಪ, ಹಿನ್ನೆಲೆಯ ಪರದೆಗಳಿಗೆ ಹಣ ಸುರಿದು ಆ ಮೂರನೆಯ ವಾರಕ್ಕೆ ಯಾವ ಸಿದ್ಧತೆಯನ್ನೂ ಮಾಡಿಕೊಳ್ಳದ ಬೋಧಕರನ್ನು ಬೇಕಾದಷ್ಟು ಕಂಡಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗಾಗಿ ಈ ಬರಹ.

ಹಂತ 1: ಪಾಠ ಸಿದ್ಧಪಡಿಸುವುದು

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ವೇದಿಕೆಯ ಕೋರ್ಸುಗಳಿಗೆ ನಾಲ್ಕು ಭಾಗಗಳಿರುತ್ತವೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ ಮತ್ತು ಸ್ವಯಂ ಮೌಲ್ಯಮಾಪನ. ನಿಮ್ಮ ಕೋರ್ಸಿಗೂ ಇದೇ ಚೌಕಟ್ಟು ಸಾಕು. ಇವುಗಳಲ್ಲಿ ಮೂರನ್ನು ಎಲ್ಲರೂ ಹೇಗೋ ಮುಗಿಸುತ್ತಾರೆ, ಚರ್ಚಾ ವೇದಿಕೆಯನ್ನು ಮಾತ್ರ ಬೀಗ ಹಾಕಿದ ಕೋಣೆಯಂತೆ ಬಿಟ್ಟಿರುತ್ತಾರೆ.

ವಿಡಿಯೊ ಉದ್ದವಾಗಿರಬಾರದು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ದೊಡ್ಡದಿದ್ದರೂ ವಿದ್ಯಾರ್ಥಿಗಳು ನೋಡುವ ಕಾಲದ ಮಧ್ಯಾಂಕ ಆರು ನಿಮಿಷವನ್ನು ಮೀರಲಿಲ್ಲ. ಜೊತೆಗೆ ಡೇಟಾದ ಲೆಕ್ಕವೂ ಇದೆ. ಸೆಕೆಂಡಿಗೆ 600 ಕಿಲೋಬಿಟ್‌ನ ಸಾಧಾರಣ ವಿಡಿಯೊ 45 ನಿಮಿಷಕ್ಕೆ ಸುಮಾರು 200 ಎಂಬಿ ನುಂಗುತ್ತದೆ. ಅದೇ ಪಾಠದ ಧ್ವನಿಯನ್ನಷ್ಟೇ 32 ಕಿಲೋಬಿಟ್‌ನಲ್ಲಿ ಕೊಟ್ಟರೆ 11 ಎಂಬಿಯೊಳಗೆ ಮುಗಿಯುತ್ತದೆ. ಆದ್ದರಿಂದ ಪ್ರತಿ ವಿಡಿಯೊದ ಪಕ್ಕದಲ್ಲಿ ಅದರ ಧ್ವನಿ ಕಡತವನ್ನೂ ಇಡಿ. ಖರ್ಚು ಮಾಡುವುದೇ ಆದರೆ ಒಂದು ಒಳ್ಳೆಯ ಕಾಲರ್ ಮೈಕಿಗೆ ಮಾಡಿ. ಅಂಗಡಿಯವರು ಜೊತೆಗೆ ಕಟ್ಟಿಕೊಡುವ ಉಂಗುರದ ದೀಪ ಮೂರು ತಿಂಗಳಿಗೆ ಮಿಣುಕಾಡಲು ಶುರು ಮಾಡುತ್ತದೆ, ಕನ್ನಡಕ ಹಾಕುವವರ ಕಣ್ಣಿನಲ್ಲಿ ಎರಡು ಬಿಳಿ ಬಳೆಗಳನ್ನು ಮೂಡಿಸುವುದರ ಹೊರತು ಬೇರೇನನ್ನೂ ಮಾಡುವುದಿಲ್ಲ.

ಟಿಪ್ಪಣಿಗಳನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಕಚೇರಿಯ ಗಣಕದಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ವರ್ಡ್ ಕಡತ ವಿದ್ಯಾರ್ಥಿಯ ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಮತ್ತು ಹತ್ತರಲ್ಲಿ ಒಂಬತ್ತು ವಿದ್ಯಾರ್ಥಿಗಳು ಅದನ್ನು ನಿಮಗೆ ಹೇಳುವುದೇ ಇಲ್ಲ. ತಮ್ಮ ಮೊಬೈಲೇ ಸರಿಯಿಲ್ಲವೆಂದುಕೊಂಡು ಸುಮ್ಮನಾಗುತ್ತಾರೆ.

ಹಂತ 2: ಗಡುವುಗಳನ್ನು ನಿಗದಿ ಮಾಡುವುದು

ಪಂಚಾಂಗವನ್ನು ಎದುರಿಗಿಟ್ಟುಕೊಂಡು ಮಾಡಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ, ಸಂಕ್ರಮಣಕ್ಕೆ ನಮ್ಮೂರಿನಲ್ಲಿ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ. ಈ ದಿನಗಳಲ್ಲಿ ಅಸೈನ್‌ಮೆಂಟ್ ಕೇಳುವವರಿಗೆ ನೆಪಗಳಷ್ಟೇ ಸಿಗುತ್ತವೆ. ಗಡುವು ರವಿವಾರ ರಾತ್ರಿ 9 ಗಂಟೆಗಿರಲಿ. ರಾತ್ರಿ 11.59ರ ಗಡುವು ಬೇಡ. ಆ ಹೊತ್ತಿನಲ್ಲಿ ಕಡತ ಏರದಿದ್ದರೆ ಸಹಾಯ ಮಾಡಲು ಯಾರೂ ಎಚ್ಚರವಿರುವುದಿಲ್ಲ.

ಹಂತ 3: ಮೊದಲ ವಾರ

ಪಾಠ ಬೇಡ. ಲಾಗಿನ್ ಆಗುವುದು, ಕೈಬರಹದ ಹಾಳೆಗಳ ಚಿತ್ರ ತೆಗೆದು ಒಂದೇ ಪಿಡಿಎಫ್ ಮಾಡುವುದು, ಅದನ್ನು ಏರಿಸುವುದು, ಈ ಮೂರನ್ನು ಅಂಕವಿಲ್ಲದ ಒಂದು ಅಭ್ಯಾಸದ ಮೂಲಕ ಪ್ರತಿಯೊಬ್ಬರಿಂದಲೂ ಮಾಡಿಸಿದರೆ ಸಾಕು.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಹೇಳಬೇಕು. ಕೋರ್ಸಿನ ತಾಣವನ್ನು ಬದಿಗಿಟ್ಟು ಎಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಡೆಸುವ ಬೋಧಕರಿದ್ದಾರೆ. ಗುಂಪಿನಲ್ಲಿ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆಯೂ ಉಳಿದೆಲ್ಲರಿಗೆ ಕಾಣುತ್ತದೆ, ಮತ್ತು ನಮ್ಮ ಭಾಗದ ಹಳ್ಳಿಗಳಿಂದ ಓದುತ್ತಿರುವ ಹೆಣ್ಣುಮಕ್ಕಳಲ್ಲಿ ಅನೇಕರು ಅಪರಿಚಿತರ ಒಂದು ಕರೆ ಬಂದರೂ ಮನೆಯವರು ಓದು ಬಿಡಿಸುವರೆಂಬ ಹೆದರಿಕೆಯಲ್ಲಿ ಇರುತ್ತಾರೆ. ಸೂಚನೆ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಳ್ಳಿ, ಅದರಲ್ಲಿ ಸಂದೇಶ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ಅವರು ನಿಮ್ಮ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಂಡಿರಬೇಕೆಂಬುದನ್ನು ಮೊದಲ ವಾರವೇ ತಿಳಿಸಿ.

ಹಂತ 4: ಚರ್ಚೆಯ ಪ್ರಶ್ನೆ

‘ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ವಿವರಿಸಿ’ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ ಅದು) ಎಂದು ಕೇಳಿದರೆ ಒಂದೇ ಗೈಡಿನಿಂದ ನಕಲು ಮಾಡಿದ ನಲವತ್ತು ಉತ್ತರಗಳು ಬರುತ್ತವೆ, ಅವುಗಳನ್ನು ಓದುವ ಶಿಕ್ಷೆ ನಿಮ್ಮದಾಗುತ್ತದೆ. ಅದರ ಬದಲು ಹೀಗೆ ಕೇಳಿ: ‘ಈ ವಾರ ನಿಮ್ಮೂರಿನ ಸಂತೆಯಲ್ಲಿ ಉಳ್ಳಾಗಡ್ಡಿಯ ಬೆಲೆ ಎಷ್ಟಿದೆ? ಕಿಲೋಗೆ ಹತ್ತು ರೂಪಾಯಿ ಏರಿದರೆ ನಿಮ್ಮ ಮನೆಯಲ್ಲಿ ಎಷ್ಟು ಕಡಿಮೆ ಕೊಳ್ಳುತ್ತೀರಿ, ಊರಿನ ಖಾನಾವಳಿಯವರು ಎಷ್ಟು ಕಡಿಮೆ ಕೊಳ್ಳುತ್ತಾರೆ?’ ಸಿಂದಗಿಯ ಉತ್ತರ ಪಣಜಿಯಲ್ಲಿ ದುಡಿಯುತ್ತಿರುವ ಮುದ್ದೇಬಿಹಾಳದ ವಿದ್ಯಾರ್ಥಿಯ ಉತ್ತರವಾಗಲು ಸಾಧ್ಯವಿಲ್ಲ, ಹೀಗಾಗಿ ನಕಲಿಗೆ ಎಡೆಯೇ ಇರುವುದಿಲ್ಲ.

ಪ್ರಶ್ನೆ ಹಾಕಿ ಎದ್ದು ಹೋಗಬೇಡಿ. ಪ್ರತಿಯೊಬ್ಬರಿಗೂ ‘ಚೆನ್ನಾಗಿದೆ, ಮುಂದುವರಿಸಿ’ ಎಂದು ಬರೆಯುವುದೂ ಬೇಡ, ಅದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡು ದಿನ ಕಾಯಿರಿ, ಮೂರನೆಯ ದಿನ ಎರಡು ಉತ್ತರಗಳನ್ನು ಎದುರುಬದುರು ಇಡಿ: ಒಬ್ಬರು ಮನೆಯಲ್ಲಿ ಅರ್ಧಕ್ಕೆ ಇಳಿಸುತ್ತೇವೆ ಎಂದಿದ್ದಾರೆ, ಇನ್ನೊಬ್ಬರು ಖಾನಾವಳಿಯವರು ಒಂದು ಕಿಲೋ ಕೂಡ ಕಡಿಮೆ ಮಾಡಿಲ್ಲ ಎಂದಿದ್ದಾರೆ, ವ್ಯತ್ಯಾಸ ಯಾಕೆ? ಈ ‘ಯಾಕೆ’ ಬಂದ ಮೇಲೆ ವಿದ್ಯಾರ್ಥಿಗಳು ನಿಮಗೆ ಉತ್ತರಿಸುವುದನ್ನು ಬಿಟ್ಟು ಒಬ್ಬರಿಗೊಬ್ಬರು ಉತ್ತರಿಸಲು ತೊಡಗುತ್ತಾರೆ, ಸ್ಥಿತಿಸ್ಥಾಪಕತ್ವದ ಸೂತ್ರವನ್ನು ಆಗ ಕೊಟ್ಟರೆ ಅದು ನೆನಪಿನಲ್ಲಿ ಉಳಿಯುತ್ತದೆ. ಟೈಪ್ ಮಾಡಲು ಬಾರದವರು ಧ್ವನಿಯಲ್ಲಿ ಉತ್ತರಿಸಲು, ತಮ್ಮ ಆಡುಮಾತಿನಲ್ಲೇ ಮಾತನಾಡಲು ಅವಕಾಶವಿರಲಿ. ಗ್ರಾಂಥಿಕ ಕನ್ನಡದ ಹೆದರಿಕೆಯಿಂದ ಮೌನವಾಗುವವರ ಸಂಖ್ಯೆ ನೆಟ್‌ವರ್ಕ್ ಇಲ್ಲದೆ ಮೌನವಾಗುವವರಿಗಿಂತ ಕಡಿಮೆಯಿಲ್ಲ ಎಂಬುದು ನನ್ನ ಅನುಭವ.

ಹಂತ 5: ಮೌನವಾದವರನ್ನು ಹುಡುಕುವುದು

ಹೆಚ್ಚಿನವರು ಕೆಡಿಸುವುದು ಈ ಹಂತವನ್ನೇ. ಆನ್‌ಲೈನ್ ಕೋರ್ಸು ನಡೆಸುವ ಮೂಡಲ್ ಎಂಬ ತಂತ್ರಾಂಶವನ್ನು ಬಳಸುವ ಕೋರ್ಸಾಗಿದ್ದರೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಒಬ್ಬೊಬ್ಬರೂ ಕೋರ್ಸನ್ನು ಕೊನೆಯ ಬಾರಿ ತೆರೆದು ಎಷ್ಟು ದಿನವಾಯಿತು ಎಂಬುದು ಕಾಣುತ್ತದೆ. ಸೋಮವಾರ ಮತ್ತು ಗುರುವಾರ ಹದಿನೈದು ನಿಮಿಷ ಆ ಪಟ್ಟಿಯನ್ನು ನೋಡಿ, ಏಳು ದಿನ ದಾಟಿದವರ ಹೆಸರನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಆದರೆ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಟಿಪ್ಪಣಿಗಳನ್ನು ಒಮ್ಮೆಲೇ ಇಳಿಸಿಕೊಂಡು ಹೊಲದ ಬದುವಿನ ಮೇಲೆ ಕುಳಿತು ಓದುವವರ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ದಿನಾ ತೆರೆದು ಏನನ್ನೂ ಓದದೆ ಮುಚ್ಚುವವರು ಅದರಲ್ಲಿ ಮೊದಲ ದರ್ಜೆಯವರಾಗಿ ಕಾಣುತ್ತಾರೆ.

ಇನ್ನು ಸಂದೇಶ. ನಾನು ಕೆಲಸ ಮಾಡಿದ ಒಂದು ಕಡೆ ತಂತ್ರಾಂಶದಿಂದ ತಾನಾಗಿಯೇ ಹೀಗೊಂದು ಸಂದೇಶ ಹೋಗುತ್ತಿತ್ತು: ‘ನೀವು ಎರಡು ವಾರಗಳಿಂದ ಲಾಗಿನ್ ಆಗಿಲ್ಲ. ಕೂಡಲೇ ಚಟುವಟಿಕೆ ಪೂರ್ಣಗೊಳಿಸದಿದ್ದಲ್ಲಿ ಆಂತರಿಕ ಅಂಕ ಕಡಿತಗೊಳಿಸಲಾಗುವುದು.’ ಇದನ್ನು ಪಡೆದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಹಿಂದೆ ಬಿದ್ದಿದ್ದೇನೆ ಎಂಬ ನಾಚಿಕೆ ಮೊದಲೇ ಇದ್ದವರಿಗೆ ದಂಡದ ಭಯವನ್ನೂ ಸೇರಿಸಿದರೆ ಅವರು ಮೊಬೈಲನ್ನು ಮಗುಚಿ ಇಡುತ್ತಾರೆ. ಈಗ ನಾನು ಕಳಿಸುವುದು ಹೀಗಿರುತ್ತದೆ: ‘ಎರಡನೆಯ ವಾರ ನೀವು ಖಾನಾವಳಿಯ ಬಗ್ಗೆ ಬರೆದದ್ದು ನನಗೆ ನೆನಪಿದೆ. ಈ ವಾರ ನೀವು ಕಾಣಲಿಲ್ಲ. ತೊಂದರೆ ನೆಟ್‌ವರ್ಕಿನದೋ, ಕೆಲಸದ್ದೋ, ಪಾಠದ್ದೋ? ಒಂದೇ ಪದದಲ್ಲಿ ಉತ್ತರಿಸಿದರೂ ಸಾಕು.’ ಇದರಲ್ಲಿ ಮೂರು ಅಂಶಗಳಿವೆ: ಅವರು ಮಾಡಿದ ಒಂದು ಕೆಲಸದ ನೆನಪು, ಆರೋಪವಿಲ್ಲದ ಮಾತು, ಒಂದೇ ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಅರವತ್ತು ಮಂದಿಗೂ ಇದನ್ನೇ ನಕಲು ಮಾಡಿ ಕಳಿಸುವ ಆಲೋಚನೆ ಬಂದರೆ ದಯವಿಟ್ಟು ಬಿಡಿ. ಖಾನಾವಳಿಯ ಬಗ್ಗೆ ಬರೆಯದವರಿಗೆ ಅದು ಹೋದರೆ ಇದ್ದ ನಂಬಿಕೆಯೂ ಹೋಗುತ್ತದೆ.

ಉತ್ತರ ಬಂದ ಮೇಲಿನ ದಾರಿ ಉತ್ತರಕ್ಕೆ ತಕ್ಕಂತೆ ಬೇರೆಯಾಗುತ್ತದೆ. ‘ನೆಟ್‌ವರ್ಕ್’ ಎಂದವರಿಗೆ ಧ್ವನಿ ಕಡತ ಮತ್ತು ಟಿಪ್ಪಣಿಯನ್ನು ನೇರವಾಗಿ ಕಳಿಸಿ, ತಾಲ್ಲೂಕಿನ ಗ್ರಂಥಾಲಯಕ್ಕೋ ಗೆಳೆಯರ ಮನೆಗೋ ವಾರಕ್ಕೊಮ್ಮೆ ಹೋಗಿ ಇಳಿಸಿಕೊಳ್ಳಬೇಕಾದ ಕಡತಗಳ ಪಟ್ಟಿಯನ್ನು ಮೊದಲೇ ಕೊಡಿ. ‘ಕೆಲಸ’ ಎಂದವರಿಗೆ ಉಪದೇಶ ಮಾಡದೆ ಹೊಸ ಗಡುವು ಕೊಡಿ, ಆದರೆ ಖಚಿತವಾದ ತಾರೀಖನ್ನೇ ಕೊಡಿ. ‘ಆದಾಗ ಕಳಿಸಿ’ ಎಂದರೆ ಅದು ಎಂದೂ ಬರುವುದಿಲ್ಲ. ಬನಹಟ್ಟಿಯ ವಿದ್ಯಾರ್ಥಿನಿಯೊಬ್ಬರು ‘ಮಗ್ಗ ನಿಂತ ಮ್ಯಾಲ ಓದತೀನ್ರಿ ಸರ, ಅಷ್ಟೊತ್ತಿಗೆ ಕ್ಲಾಸ್ ಮುಗದಿರತೈತಿ’ ಎಂದಾಗ, ನೇರ ತರಗತಿಯ ಹಾಜರಾತಿಗೆ ಬದಲಾಗಿ ರೆಕಾರ್ಡಿಂಗ್ ನೋಡಿ ಐದು ಸಾಲು ಬರೆಯುವುದನ್ನೂ ಒಪ್ಪಿಕೊಳ್ಳುವ ವ್ಯವಸ್ಥೆಯನ್ನು ನಾವು ಮಾಡಿದೆವು, ಅದರ ಪ್ರಯೋಜನವನ್ನು ಆಮೇಲೆ ಇನ್ನೂ ಒಂಬತ್ತು ಮಂದಿ ಪಡೆದರು. ‘ಪಾಠ’ ಎಂದವರಿಗೆ ಮಾತ್ರ ಸಂದೇಶ ಸಾಲದು, ಕರೆ ಮಾಡಬೇಕು. ಹತ್ತು ನಿಮಿಷದ ಕರೆಯಲ್ಲಿ ‘ಎಲ್ಲಿ ತಿಳಿಯಲಿಲ್ಲ?’ ಎಂದು ಕೇಳಿದರೆ ‘ಎಲ್ಲಾನೂ ಸರ’ ಎಂಬ ಉತ್ತರ ಬರುತ್ತದೆ. ‘ಮೂರನೆಯ ಪುಟದ ಚಿತ್ರದಲ್ಲಿ ಗೆರೆ ಕೆಳಗೆ ಯಾಕೆ ಇಳಿದಿದೆ, ಹೇಳಿ ನೋಡೋಣ’ ಎಂದು ಕೇಳಿದರೆ ತೊಡಕು ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಕರೆ ಮಾಡುವ ಮುನ್ನ ಸಂದೇಶ ಕಳಿಸಿ ಸಮಯ ಕೇಳಿ, ಮನೆಯವರು ಎತ್ತಿದರೆ ವಿಶ್ವವಿದ್ಯಾಲಯದ ಹೆಸರನ್ನು ಮೊದಲು ಹೇಳಿ. ಮೂರು ಸಲ ಪ್ರಯತ್ನಿಸಿದ ಮೇಲೂ ಉತ್ತರವಿಲ್ಲದಿದ್ದರೆ ಕೋರ್ಸಿನ ಸಂಯೋಜಕರಿಗೆ ಬರಹದಲ್ಲಿ ತಿಳಿಸಿ.

ಹಂತ 6: ಉತ್ತರ ಪತ್ರಿಕೆ ಮರಳಿಸುವುದು

ಏಳು ದಿನಗಳೊಳಗೆ, ಅಂಕದ ಜೊತೆಗೆ ಎರಡು ಸಾಲಿನ ಟಿಪ್ಪಣಿಯೊಂದಿಗೆ ಮರಳಿಸಿ. ನಕಲು ಪತ್ತೆ ತಂತ್ರಾಂಶ ತೋರಿಸುವ ಶೇಕಡಾವಾರು ಅಂಕಿಯನ್ನೇ ಹಿಡಿದು ಸೊನ್ನೆ ಹಾಕಬೇಡಿ. ವ್ಯಾಖ್ಯೆಗಳೂ ಪ್ರಶ್ನೆಯ ಸಾಲುಗಳೂ ಅದರ ಲೆಕ್ಕದಲ್ಲಿ ಸೇರಿಕೊಳ್ಳಬಹುದು, ಆದ್ದರಿಂದ ಗುರುತು ಹಾಕಿದ ಭಾಗವನ್ನು ಕಣ್ಣಾರೆ ಓದಿಯೇ ನಿರ್ಧರಿಸಬೇಕು. ಪರೀಕ್ಷೆ ಮುಗಿದ ಮರುದಿನವೇ ಕೋರ್ಸಿನ ತಾಣವನ್ನು ಮುಚ್ಚುವ ಅಭ್ಯಾಸವೂ ಒಳ್ಳೆಯದಲ್ಲ. ಮರುಪರೀಕ್ಷೆ ಬರೆಯುವವರಿಗಾಗಿ ರೆಕಾರ್ಡಿಂಗ್ ಮತ್ತು ಟಿಪ್ಪಣಿಗಳನ್ನು ಮುಂದಿನ ಸೆಮಿಸ್ಟರ್ ಆರಂಭವಾಗುವವರೆಗಾದರೂ ತೆರೆದಿಡಿ, ಯಾವ ತಾರೀಖಿಗೆ ಮುಚ್ಚುತ್ತೀರಿ ಎಂಬುದನ್ನು ತಾಣದ ಮೊದಲ ಪುಟದಲ್ಲಿ ಬರೆದಿಡಿ.